ಪೂರ್ತಿ ಸ್ಟೇನ್‌ಲೆಸ್ ಕ್ಯಾಂಪರ್ ಟ್ರೇಲರ್: ಕಾರವಾರದ ಉಪ್ಪುಗಾಳಿಗೆ ತಡೆಯುತ್ತಾ?

ಕೋಡಿಬಾಗದವ
ಎಲ್ಲರಿಗೂ ನಮಸ್ಕಾರ. ಬೊಲೆರೊ ಹಿಂದೆ ಕಟ್ಟಿಕೊಂಡು ಹೋಗುವಂಥ ಚಿಕ್ಕ ಕ್ಯಾಂಪರ್ ಟ್ರೇಲರ್ ಮಾಡಿಸುವ ಯೋಚನೆ ಇದೆ. ಎಂಟು ಅಡಿ ಉದ್ದ, ಐದು ಅಡಿ ಅಗಲ, ನಾಲ್ಕು ಅಡಿ ಎತ್ತರದ ಡಬ್ಬಿ. ಒಳಗೆ ಇಬ್ಬರು ಮಲಗಬೇಕು, ಮಕ್ಕಳಿಗೆ ಮೇಲೆ ಟೆಂಟ್. ಹಿಂದಿನ ಬಾಗಿಲು ತೆಗೆದರೆ ಅಡುಗೆ ಕಟ್ಟೆ ಹೊರಗೆ ಜಾರಿ ಬರಬೇಕು.

ಇಬ್ಬರು ಫ್ಯಾಬ್ರಿಕೇಷನ್‌ನವರನ್ನು ಕೇಳಿದೆ. ಒಬ್ಬರು ಎಂ.ಎಸ್. (ಮಾಮೂಲಿ ಉಕ್ಕು) ಮಾಡಿ ಬಣ್ಣ ಹೊಡೆದು ಕೊಡುತ್ತೇನೆ ಅಂದರು. ಇನ್ನೊಬ್ಬರು ಚಾಸಿಯಿಂದ (ಗಾಲಿ ಕೂರುವ ಕೆಳಗಿನ ಚೌಕಟ್ಟು) ಚಾವಣಿ ತನಕ ಪೂರ್ತಿ ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) ಮಾಡಿಸಿ, ಜೀವಮಾನಕ್ಕೆ ತುಕ್ಕಿನ ಮಾತೇ ಇಲ್ಲ ಅಂದರು. ರೇಟು ಎರಡು ಪಟ್ಟಿಗೂ ಜಾಸ್ತಿ. ನಮ್ಮ ಮನೆ ಸಮುದ್ರಕ್ಕೆ ಕೂಗಳತೆ ದೂರ. ಗೇಟು, ಕಿಟಕಿ ಸರಳು, ಸ್ಕೂಟರ್ ಸೈಲೆನ್ಸರ್ ಎಲ್ಲವನ್ನೂ ತಿಂದು ಹಾಕಿದ ಗಾಳಿ ಇದು. ಹಾಗಾಗಿ ಮನಸ್ಸು ಎಸ್.ಎಸ್. ಕಡೆಗೇ ಇದೆ. ಓಡಾಟ ಹೆಚ್ಚಾಗಿ ಶಿರಸಿ (ಮಾವನ ಮನೆ), ಜೋಗ, ಗೋವಾ. ಗೊತ್ತಿದ್ದವರು ಒಳ್ಳೇದು ಕೆಟ್ಟದ್ದು ಎರಡೂ ಹೇಳಿ.

ಕುಮಟಾ ಸವಾರ
ಎಸ್.ಎಸ್. ಕಣ್ಣು ಮುಚ್ಚಿ ಮಾಡಿಸಿ. ಕೇಳುವುದೇನಿದೆ ಇದರಲ್ಲಿ?

ಬೈತಖೋಲ ಬೋಟು
ಸವಾರರೇ, ಸ್ವಲ್ಪ ತಡೀರಿ. ಕೋಡಿಬಾಗದಲ್ಲೇ ಸಮುದ್ರಕ್ಕೆ ಮುಖ ಮಾಡಿದ ಮನೆಗಳ ಸ್ಟೀಲ್ ರೇಲಿಂಗ್ ಒಮ್ಮೆ ಹತ್ತಿರ ಹೋಗಿ ನೋಡಿ. ದೂರದಿಂದ ಫಳಫಳ. ಹತ್ತಿರ ಹೋದರೆ ಪೈಪಿನ ಅಡಿಭಾಗದಲ್ಲಿ, ವೆಲ್ಡಿಂಗ್ ಆದ ಕಡೆ, ಕಂಬದ ಬುಡದಲ್ಲಿ ಮುಚ್ಚಿದ ಟೋಪಿಯ ಸುತ್ತ, ಚಹಾ ಚೆಲ್ಲಿ ಒಣಗಿದ ಹಾಗೆ ಕಂದು ಕಲೆ. ಪೈಪಿನ ಮೇಲ್ಭಾಗ ಮಾತ್ರ ಚೆನ್ನಾಗಿರುತ್ತದೆ. ಯಾಕಂದ್ರೆ ಅಲ್ಲಿ ಮಳೆ ಬಿದ್ದು ಉಪ್ಪು ತೊಳೆದು ಹೋಗುತ್ತದೆ. ಅಡಿಗೆ ಮಳೆ ತಾಗುವುದಿಲ್ಲ, ಉಪ್ಪು ಅಲ್ಲೇ ಕೂತು ಕೆಲಸ ಮಾಡುತ್ತದೆ.

ಈಗ ಯೋಚನೆ ಮಾಡಿ. ಟ್ರೇಲರ್‌ನ ಹೊಟ್ಟೆ ಅಡಿ ಅಂದ್ರೆ ಪೂರ್ತಿ ಮಳೆ ತಾಗದ ಜಾಗವೇ.

ಕೋಡಿಬಾಗದವ
ನೋಡಿದ್ದೇನೆ ಅಣ್ಣ ಆ ಕಲೆ. ಅದು ಡೂಪ್ಲಿಕೇಟ್ ಮಾಲು ಅಂದುಕೊಂಡಿದ್ದೆ.

ಅಂಕೋಲಾ ವೆಲ್ಡರ್
ಡೂಪ್ಲಿಕೇಟ್ ಅಲ್ಲ, ಗ್ರೇಡ್ ಬೇರೆ. ರೇಲಿಂಗ್‌ಗೆ ನಮ್ಮ ಕಡೆ ಬಹಳ ಜನ ಹಾಕುವುದು 202 ಅನ್ನುವ ಗ್ರೇಡ್. ಅದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ, ಹಾಗಾಗಿ ಅಗ್ಗ. ಹೊಸದರಲ್ಲಿ 304ಕ್ಕೂ ಇದಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಒಂದು ಬೇಸಿಗೆ ಕಳೆದ ಮೇಲೆ ಕಾಣುತ್ತದೆ.

304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್. ಪಾತ್ರೆ, ಹೋಟೆಲ್ ಅಡುಗೆಮನೆ ಕಟ್ಟೆಗೆಲ್ಲ ಇದು. 316ರಲ್ಲಿ ಅದರ ಮೇಲೆ ಶೇ. 2ರಿಂದ 3 ಮಾಲಿಬ್ಡಿನಮ್ ಇರುತ್ತದೆ, ಉಪ್ಪಿಗೆ ತಡೆಯುವುದು ಅದೇ. ಸಮುದ್ರದ ಬಾಯಲ್ಲಿ ಇಡುವ ಸಾಮಾನಿಗೆ 316 ಬೇಕು. ಆದರೆ ಅದರ ರೇಟು ಕೇಳಿದರೆ ನಿಮ್ಮ ಟ್ರೇಲರ್ ಯೋಚನೆಯೇ ಬಿಟ್ಟು ಹೋಗಬಹುದು.

ಬಿಲ್ಲಿನಲ್ಲಿ ಗ್ರೇಡ್ ಬರೆಸಿ. ಶೀಟಿನ ಮೇಲೆ ಕಂಪನಿಯ ಪ್ರಿಂಟ್ ಇರುತ್ತದೆ, ಕತ್ತರಿಸುವ ಮೊದಲೇ ಫೋಟೋ ತೆಗೆದುಕೊಳ್ಳಿ. "ಒಳ್ಳೇ ಎಸ್.ಎಸ್." ಅಂತ ಬಾಯಿ ಮಾತಲ್ಲಿ ಹೇಳಿದರೆ ನಂಬಬೇಡಿ.

ಹೊನ್ನಾವರ ಹುಡುಗ
ಮ್ಯಾಗ್ನೆಟ್ ಇಟ್ಟು ನೋಡಿದರೆ ಆಯ್ತಲ್ಲ. ಹಿಡಿದರೆ ನಕಲಿ, ಹಿಡಿಯದಿದ್ದರೆ ಅಸಲಿ.

ಅಂಕೋಲಾ ವೆಲ್ಡರ್
ತಮ್ಮಾ, ಈ ಮಾತನ್ನು ದಿನಾ ಕೇಳುತ್ತೇನೆ. 202ಕ್ಕೂ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಇನ್ನೊಂದು ಕಡೆ ಅಸಲಿ 304 ಶೀಟನ್ನು ಮಡಚಿದ ಅಂಚಿನಲ್ಲಿ ಸ್ವಲ್ಪ ಹಿಡಿಯುತ್ತದೆ, ಬಗ್ಗಿಸಿದಾಗ ಲೋಹದ ಒಳಗಿನ ಜೋಡಣೆ ಬದಲಾಗುತ್ತದೆ. ಮ್ಯಾಗ್ನೆಟ್‌ನಿಂದ 430ರಂಥ ನಿಕ್ಕಲ್ ಇಲ್ಲದ ಮಾಲು ಮಾತ್ರ ಗೊತ್ತಾಗುತ್ತದೆ. ಗುಜರಿ ಅಂಗಡಿಯವರು ಒಂದು ಹನಿ ದ್ರಾವಣ ಬಿಟ್ಟು ಬಣ್ಣ ನೋಡುತ್ತಾರೆ, ಅದು ಸ್ವಲ್ಪ ಉಪಯೋಗ.

ಲೆಕ್ಕದ ಮೇಷ್ಟ್ರು
ತೂಕದ ಬಗ್ಗೆ ಯಾರೂ ಮಾತಾಡಲೇ ಇಲ್ಲ. 8×5×4 ಅಡಿ ಡಬ್ಬಿಯ ಆರೂ ಮೈ ಸೇರಿಸಿದರೆ 184 ಚದರ ಅಡಿ, ಅಂದರೆ ಸುಮಾರು 17 ಚದರ ಮೀಟರ್. 18 ಗೇಜ್ ಎಸ್.ಎಸ್. ಶೀಟು ಅಂದರೆ 1.2 ಮಿ.ಮೀ. ದಪ್ಪ. ಒಂದು ಚದರ ಮೀಟರ್‌ಗೆ ಒಂಬತ್ತೂವರೆ ಕೆ.ಜಿ. ಹತ್ತಿರ ತೂಗುತ್ತದೆ. ಬರೀ ತಗಡೇ 160 ಕೆ.ಜಿ. ಮೇಲಾಯಿತು. ಅದೇ ಡಬ್ಬಿಯನ್ನು 2 ಮಿ.ಮೀ. ಅಲ್ಯೂಮಿನಿಯಂನಲ್ಲಿ ಮಾಡಿದರೆ 92 ಕೆ.ಜಿ. ಒಳಗಿನ ಫ್ರೇಮ್, ಹಾಸಿಗೆ, ನೀರು, ಗ್ಯಾಸ್, ಸ್ಟೆಪ್ನಿ ಎಲ್ಲ ಇನ್ನೂ ಬಾಕಿ.

70 ಕೆ.ಜಿ. ಅಂದ್ರೆ ಒಬ್ಬ ಆಳು. ಎಸ್.ಎಸ್. ಹಾಕಿಸಿದರೆ ಅವನನ್ನೂ ಅರಬೈಲ್ ಘಟ್ಟ ಹತ್ತಿಸಬೇಕು.

ಕುಮಟಾ ಸವಾರ
ಹತ್ತಿಸುವುದು ದೊಡ್ಡ ಮಾತಲ್ಲ ಮೇಷ್ಟ್ರೇ, ಬೊಲೆರೊ ಎಳೆಯುತ್ತದೆ. ಇಳಿಸುವಾಗ ಗೊತ್ತಾಗುವುದು. ದೇವಿಮನೆ ಘಟ್ಟದ ತಿರುವಿನಲ್ಲಿ ಹಿಂದಿನಿಂದ ಟ್ರೇಲರ್ ದೂಡಿದರೆ ದೇವರೇ ಗತಿ. ಟ್ರೇಲರ್‌ಗೆ ಅದರದೇ ಬ್ರೇಕ್ ಇರಲೇಬೇಕು. ಎಳೆಯುವ ಗಾಡಿ ನಿಧಾನ ಆದಾಗ ಕೊಂಡಿ ಒಳಗೆ ಒತ್ತಿ ತಾನಾಗಿ ಹಿಡಿಯುವ ಬ್ರೇಕ್ ಬರುತ್ತದೆ, ಅದನ್ನು ಹಾಕಿಸಿ.

ಲೆಕ್ಕದ ಮೇಷ್ಟ್ರು
ಸರಿ. ಇನ್ನೊಂದು ವಿಷಯ. ಅಡುಗೆ ಕಟ್ಟೆಯನ್ನು ಹಿಂದಿನ ಬಾಗಿಲಲ್ಲಿ ಇಡುತ್ತೇನೆ ಅಂದಿರಿ. ಎಸ್.ಎಸ್. ಕಟ್ಟೆ, ಸಿಂಕು, ಒಲೆ, ಜಾರುವ ಹಳಿ ಎಲ್ಲ ಬಾಲದಲ್ಲಿ ಬಂದು ಕೂರುತ್ತದೆ. ಹಿಂದೆ ಭಾರ ಜಾಸ್ತಿಯಾದರೆ ವೇಗದಲ್ಲಿ ಟ್ರೇಲರ್ ಎಡಕ್ಕೂ ಬಲಕ್ಕೂ ಹೊಡೆದಾಡಲು ಶುರು ಮಾಡುತ್ತದೆ. ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ನೀರಿನ ಟ್ಯಾಂಕನ್ನು ಗಾಲಿಯ ಅಚ್ಚಿನಿಂದ ಸ್ವಲ್ಪ ಮುಂದೆ ಇಡಿಸಿ. ಟ್ಯಾಂಕು ಖಾಲಿ ಇದ್ದಾಗಲೂ ಲೆಕ್ಕ ಸರಿ ಬರಬೇಕು, ಅದನ್ನು ಮರೆಯಬೇಡಿ.

ಶಿರಸಿ ಭಟ್ಟ
ನಮ್ಮ ಮಲೆನಾಡಿನವರ ಕಡೆಯಿಂದ ಒಂದು ಮಾತು. ಉಪ್ಪಿನ ತೊಂದರೆ ನಮಗಿಲ್ಲ, ತೇವದ್ದು ಇದೆ. ಮಾರ್ಗಶಿರದ ಚಳಿಯಲ್ಲಿ ತಗಡಿನ ಡಬ್ಬಿ ಒಳಗೆ ಇಬ್ಬರು ಮಲಗಿದರೆ ಬೆಳಗಾಗುವ ಹೊತ್ತಿಗೆ ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ಉಸಿರಿನ ತೇವವೇ ಅದು. ಒಳಗೆ ಲೈನಿಂಗ್ ಹಾಕಿಸಿ, ಎದುರು ಬದುರು ಗಾಳಿ ಕಿಂಡಿ ಬಿಡಿಸಿ.

ಎಸ್.ಎಸ್. ಪರವಾಗಿ ಒಂದು ಹೇಳುತ್ತೇನೆ, ನೀವು ಯಾರೂ ಹೇಳಿಲ್ಲ. ಮಂಗ! ನಮ್ಮ ಕಡೆ ತೋಟದ ಪಕ್ಕ ಟೆಂಟ್ ಹಾಕಿ ಬಾಳೆಹಣ್ಣು ಒಳಗಿಟ್ಟು ಸ್ನಾನಕ್ಕೆ ಹೋಗಿ ನೋಡಿ. ವಾಪಸ್ ಬರುವಾಗ ಝಿಪ್ ಇರುವುದಿಲ್ಲ, ಬಟ್ಟೆ ಹರಿದಿರುತ್ತದೆ, ಬಾಳೆಹಣ್ಣಿನ ಸಿಪ್ಪೆ ಹಾಸಿಗೆ ಮೇಲೆ. ಇಲಿ, ಇರುವೆ, ಮಂಗ ಮೂರಕ್ಕೂ ಸ್ಟೀಲ್ ಡಬ್ಬಿಯೇ ಮದ್ದು. ಮಕ್ಕಳ ಟೆಂಟ್ ಮೇಲೆ ಅಂದಿರಲ್ಲ, ಅದನ್ನು ನಮ್ಮ ಕಡೆ ಬಂದಾಗ ಹಗಲು ಮಡಚಿಡಿ.

ಹೊನ್ನಾವರ ಹುಡುಗ
ಭಟ್ರೇ, ತಗಡು ಬಿಸಿಲಿಗೆ ಕಾಯುವುದಿಲ್ವಾ? ನಮ್ಮಲ್ಲಿ ಏಪ್ರಿಲ್‌ನಲ್ಲಿ ಅದರೊಳಗೆ ಮಲಗಿದರೆ ಇಡ್ಲಿ ಆಗುತ್ತೇವೆ.

ಕದ್ರಾ ಕರೆಂಟು
ಸ್ಟೇನ್‌ಲೆಸ್ ಬಿಸಿ ಸಾಗಿಸುವುದು ಬಹಳ ಕಡಿಮೆ. ಅಲ್ಯೂಮಿನಿಯಂ ಅದರ ಹತ್ತು ಪಟ್ಟಿಗಿಂತ ಜಾಸ್ತಿ ಸಾಗಿಸುತ್ತದೆ. ಹಾಗಾಗಿ ಎಸ್.ಎಸ್. ಡಬ್ಬಿ ತಂಪು.

ಲೆಕ್ಕದ ಮೇಷ್ಟ್ರು
ಪುಸ್ತಕದ ಲೆಕ್ಕ ಸರಿ, ಇಲ್ಲಿಗೆ ಹೊಂದುವುದಿಲ್ಲ. ಒಂದು ಮಿಲಿಮೀಟರ್ ದಪ್ಪದ ತಗಡಿನಲ್ಲಿ ಬಿಸಿ ದಾಟಲು ಎಷ್ಟು ಹೊತ್ತು ಬೇಕು ಹೇಳಿ? ಯಾವ ಲೋಹ ಆದರೂ ಒಂದೇ. ಇಲ್ಲಿ ನೋಡಬೇಕಾದದ್ದು ಹೊರಮೈ. ಹೊಳೆಯುವ ಲೋಹ ಹೀರಿದ ಬಿಸಿಯನ್ನು ಹೊರಗೆ ಸೂಸುವುದು ಬಹಳ ಕಡಿಮೆ, ಹಾಗಾಗಿ ಬಿಸಿಲಲ್ಲಿ ಮುಟ್ಟಿದರೆ ಕೈ ಸುಡುತ್ತದೆ. ಬಿಳಿ ಬಣ್ಣ ಹೊಡೆದ ತಗಡು ಅದಕ್ಕಿಂತ ತಂಪಾಗಿರುತ್ತದೆ. ಚಾವಣಿಗೆ ಬಿಳಿ ಬಣ್ಣ, ಒಳಗೆ ಒಂದು ಇಂಚು ಪಫ್ (ಬಿಸಿ ತಡೆಯುವ ಫೋಮ್). ಮುಗೀತು.

ಬೈತಖೋಲ ಬೋಟು
ಎಸ್.ಎಸ್. ಮೇಲೆ ಬಣ್ಣ ಹೊಡೆಯುವುದಾದರೆ ಎಸ್.ಎಸ್. ಯಾಕೆ ಮಾರಾಯ್ರೇ 😄

ಹಳಿ ಮೇಲಿನವ
ನಗಬೇಡಿ ಬೋಟಣ್ಣ. ಕೊಂಕಣ ರೈಲಿನಲ್ಲಿ ಓಡುವ ಎಲ್‌ಎಚ್‌ಬಿ ಬೋಗಿ ನೋಡಿದ್ದೀರಲ್ಲ, ಅದರ ಮೈ ಸ್ಟೇನ್‌ಲೆಸ್. ಆದರೂ ಮೇಲೆ ಬಣ್ಣ ಇದೆ. ಹಳೇ ಐಸಿಎಫ್ (ಚೆನ್ನೈನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ) ಬೋಗಿಗಳ ಮೈ ಮಾಮೂಲಿ ಉಕ್ಕಿನದು, ಶೌಚಾಲಯದ ಸುತ್ತ, ಬಾಗಿಲ ಬುಡದಲ್ಲಿ ತುಕ್ಕು ಹಿಡಿದು ಪದೇ ಪದೇ ರಿಪೇರಿ. 2018ರ ಜನವರಿಯಲ್ಲಿ ಚೆನ್ನೈ ಕಾರ್ಖಾನೆ ಆ ಹಳೇ ನಮೂನೆ ಮಾಡುವುದನ್ನೇ ನಿಲ್ಲಿಸಿತು.

ಇನ್ನೂ ಒಂದು ಗಮನಿಸಿ. ಎಲ್‌ಎಚ್‌ಬಿಯಲ್ಲಿ ಮೇಲಿನ ಮೈ ಮಾತ್ರ ಸ್ಟೇನ್‌ಲೆಸ್. ಕೆಳಗೆ ಗಾಲಿ ಕೂರುವ ಬೋಗಿ ಫ್ರೇಮ್ ಮಾಮೂಲಿ ಉಕ್ಕು, ಬಣ್ಣ ಹೊಡೆದದ್ದು. ರೈಲ್ವೆಯವರಿಗೆ ದುಡ್ಡಿಲ್ಲದೆ ಹಾಗೆ ಮಾಡಿದ್ದಲ್ಲ.

ಕೋಡಿಬಾಗದವ
ಹಾಗಾದರೆ ಚಾಸಿ ಎಸ್.ಎಸ್. ಮಾಡಿಸಬಾರದು ಅಂತೀರಾ? ಅವರು ಹೇಳಿದ್ದೇ ಅದು, ಪೂರ್ತಿ ಎಸ್.ಎಸ್. ಅಂತ.

ಅಂಕೋಲಾ ವೆಲ್ಡರ್
ಮಾಡಿಸಬಾರದು. ಕೈಯಲ್ಲಿ ಕೆಲಸ ಮಾಡುವವನಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಓದಿ.

304 ಬಿಸಿಗೆ ಹಿಗ್ಗುವುದು ಮಾಮೂಲಿ ಉಕ್ಕಿಗಿಂತ ಜಾಸ್ತಿ, ಬಿಸಿ ಸಾಗಿಸುವುದು ಕಡಿಮೆ. ಉದ್ದನೆಯ ಚಾನೆಲ್‌ಗೆ ವೆಲ್ಡಿಂಗ್ ಹೊಡೆದರೆ ಬಾಗುತ್ತದೆ. ನೇರ ಮಾಡಲು ಬಡಿದರೆ ಇನ್ನೂ ಗಟ್ಟಿಯಾಗುತ್ತದೆ. ಚಾಸಿ ನೇರ ಇಲ್ಲದಿದ್ದರೆ ಟೈರ್ ಒಂದೇ ಕಡೆ ಸವೆಯುತ್ತದೆ.

ಎರಡನೇದು, ಚಾಸಿ ಅಂದ್ರೆ ಬರೀ ಎರಡು ಚಾನೆಲ್ ಅಲ್ಲ. ಅಚ್ಚು, ಲೀಫ್ ಪ್ಲೇಟು, ಯು-ಬೋಲ್ಟು, ಹಬ್ಬು, ಕೊಂಡಿ ಇವೆಲ್ಲ ಅಂಗಡಿಯಲ್ಲಿ ಸಿಗುವುದು ಮಾಮೂಲಿ ಉಕ್ಕಿನದೇ. ದೊಡ್ಡ ಎಸ್.ಎಸ್. ಮೈಗೆ ಚಿಕ್ಕ ಉಕ್ಕಿನ ಬೋಲ್ಟು ತಾಗಿಸಿ ಮೇಲೆ ಉಪ್ಪು ನೀರು ಹೊಡೆದರೆ, ಆ ಬೋಲ್ಟು ಒಂಟಿಯಾಗಿ ಇದ್ದಾಗಿನದಕ್ಕಿಂತ ಬೇಗ ತಿಂದು ಹೋಗುತ್ತದೆ. ಎರಡು ಲೋಹ, ನಡುವೆ ಉಪ್ಪು ನೀರು, ಇದು ಬ್ಯಾಟರಿಯೇ. ಬೋಟಿನವರಿಗೆ ಹೇಳಬೇಕಾಗಿಲ್ಲ, ಬೋಟಿನ ಫ್ಯಾನಿನ (ಪ್ರೊಪೆಲ್ಲರ್) ಹತ್ತಿರ ಸತುವಿನ ಗಟ್ಟಿ ಕಟ್ಟುವುದು ಇದಕ್ಕೇ ಅಲ್ವಾ.

ಮೂರನೇದು ರಿಪೇರಿ. ಯಲ್ಲಾಪುರ ದಾಟಿ ಎಲ್ಲೋ ರಾತ್ರಿ ಎಸ್.ಎಸ್. ಚಾಸಿಗೆ ಬಿರುಕು ಬಿಟ್ಟರೆ ಆರ್ಗಾನ್ ವೆಲ್ಡಿಂಗ್ ಇರುವವನನ್ನು ಹುಡುಕಬೇಕು. ಎಂ.ಎಸ್. ಆದರೆ ರಸ್ತೆ ಬದಿ ಯಾರಾದರೂ ಹೊಡೆದು ಕೊಡುತ್ತಾರೆ.

ಚಾಸಿಯನ್ನು ಎಂ.ಎಸ್. ಮಾಡಿಸಿ, ತೂತು ಕೊರೆಯುವುದು, ವೆಲ್ಡಿಂಗ್ ಎಲ್ಲ ಪೂರ್ತಿ ಮುಗಿದ ಮೇಲೆ ಕರಗಿದ ಸತುವಿನಲ್ಲಿ ಮುಳುಗಿಸಿ ತರಿಸಿ. ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಅಂತಾರೆ. ಸುಮಾರು 450 ಡಿಗ್ರಿ ಬಿಸಿಯ ಸತು, ಪೈಪಿನ ಒಳಗೂ ಹೊರಗೂ ಹಿಡಿಯುತ್ತದೆ. ಬಾಕ್ಸ್ ಪೈಪ್ ಬಳಸಿದರೆ ಎರಡೂ ತುದಿಗೆ ತೂತು ಇರಲೇಬೇಕು, ಇಲ್ಲದಿದ್ದರೆ ಒಳಗಿನ ಗಾಳಿ ಹಿಗ್ಗಿ ಸಿಡಿಯುತ್ತದೆ. ನನ್ನ ಕೇಳಿದರೆ ತೆರೆದ ಸಿ-ಚಾನೆಲ್ ಒಳ್ಳೇದು, ನೀರಿನ ಪೈಪ್ ಹಿಡಿದು ಒಳಗೂ ತೊಳೆಯಬಹುದು. ಲಾರಿ ಬಾಡಿಗೆ ಹೋಗಿ ಬರುವುದಕ್ಕೂ ಲೆಕ್ಕ ಹಾಕಿ.

ಕುಮಟಾ ಸವಾರ
ಒಪ್ಪುವುದಿಲ್ಲ. ಸತು ಎಷ್ಟು ವರ್ಷ? ಮರಳಲ್ಲಿ ಉಜ್ಜಿ ಹೋದ ಮೇಲೆ ತುಕ್ಕೇ. ಎಸ್.ಎಸ್. ಉಜ್ಜಿದರೂ ಎಸ್.ಎಸ್.

ಅಂಕೋಲಾ ವೆಲ್ಡರ್
ಸವಾರರೇ, ಸತು ಸ್ವಲ್ಪ ಉಜ್ಜಿ ಹೋದರೂ ಪಕ್ಕದ ಸತು ತಾನು ಕರಗಿ ಉಕ್ಕನ್ನು ಕಾಯುತ್ತದೆ. ಬಣ್ಣ ಹಾಗಲ್ಲ, ಒಂದು ಕಡೆ ಎದ್ದರೆ ಅದರ ಅಡಿಯಲ್ಲೇ ತುಕ್ಕು ಹರಡುತ್ತದೆ. ಆಸ್ಟ್ರೇಲಿಯಾದಲ್ಲಿ ಇಂಥ ಕ್ಯಾಂಪರ್ ಟ್ರೇಲರ್ ಮನೆಮಾತು. ಅಲ್ಲಿ ಕೂಡ ಚಾಸಿ ಗ್ಯಾಲ್ವನೈಸ್ಡ್, ಜಾರುವ ಅಡುಗೆ ಕಟ್ಟೆ ಎಸ್.ಎಸ್., ಇದೇ ಸಾಮಾನ್ಯ.

ಸಿನಿಮಾ ಹುಚ್ಚ
ಡೆಲೋರಿಯನ್ ಕಾರು ನೆನಪಾಯಿತು. 1980ರ ದಶಕದ ಆರಂಭದ್ದು. ಮೈಗೆ 304 ಸ್ಟೇನ್‌ಲೆಸ್, ಬಣ್ಣವೇ ಇಲ್ಲ. ಕೆಳಗಿನ ಫ್ರೇಮ್ ಮಾತ್ರ ಎಪಾಕ್ಸಿ ಹೊಡೆದ ಮಾಮೂಲಿ ಉಕ್ಕು. ಆ ಎಪಾಕ್ಸಿ ಬಿರುಕು ಬಿಟ್ಟ ಕಡೆ ನೀರು ಹೋಗಿ ಒಳಗೊಳಗೇ ತುಕ್ಕು. ಈಗಲೂ ಆ ಹಳೇ ಕಾರು ಕೊಳ್ಳುವವರು ಮೊದಲು ಬಗ್ಗಿ ಫ್ರೇಮ್ ನೋಡುತ್ತಾರಂತೆ. ಮೇಲೆ ಕನ್ನಡಿ, ಕೆಳಗೆ ಜರಡಿ.

ಶಿರಸಿ ಭಟ್ಟ
"ಮೇಲೆ ಕನ್ನಡಿ ಕೆಳಗೆ ಜರಡಿ" ಚೆನ್ನಾಗಿದೆ, ನಮ್ಮೂರ ಒಬ್ಬರಿಗೆ ಹೊಂದುತ್ತದೆ.

ಕದ್ರಾ ಕರೆಂಟು
ಯಾರು ಭಟ್ರೇ? 😄

ಶಿರಸಿ ಭಟ್ಟ
ಅವರೂ ಇಲ್ಲೇ ಓದುತ್ತಿರುತ್ತಾರೆ, ಬೇಡ.

ಮುರುಡೇಶ್ವರ ಮೂಲ
ಡಬ್ಬಿಗೆ ಅಲ್ಯೂಮಿನಿಯಂ ಯಾಕೆ ಬೇಡ? ಅಮೆರಿಕದ ಏರ್‌ಸ್ಟ್ರೀಮ್ ಕಂಪನಿಯವರು 1930ರ ದಶಕದಿಂದ ಕ್ಯಾಂಪರ್ ಟ್ರೇಲರನ್ನು ಅಲ್ಯೂಮಿನಿಯಂನಲ್ಲೇ ಮಾಡುತ್ತಾ ಬಂದಿದ್ದಾರೆ. ಹಗುರ, ತುಕ್ಕಿಲ್ಲ, ಬಸ್ ಬಾಡಿ ಕಟ್ಟುವವರಿಗೆ ಎಲ್ಲ ಗೊತ್ತಿರುವ ಕೆಲಸ.

ಬೈತಖೋಲ ಬೋಟು
ಕೆಂಪು ತುಕ್ಕು ಇಲ್ಲ ಅಷ್ಟೇ, ಬಿಳಿ ಪುಡಿ ಬರುತ್ತದೆ. ಅಲ್ಯೂಮಿನಿಯಂಗೆ ಎಸ್.ಎಸ್. ಸ್ಕ್ರೂ ಹೊಡೆದ ಕಡೆ ಸುತ್ತ ಉಬ್ಬಿ ಬಣ್ಣ ಏಳುವುದನ್ನು ನಮ್ಮ ಬಂದರಿನಲ್ಲಿ ಎಷ್ಟು ಬೇಕಾದರೂ ತೋರಿಸುತ್ತೇನೆ. ಉಲ್ಟಾ ಮಾಡಿದರೆ ಇನ್ನೂ ಕೆಟ್ಟದ್ದು. ಎಸ್.ಎಸ್. ಶೀಟಿಗೆ ಅಲ್ಯೂಮಿನಿಯಂ ರಿವೆಟ್ ಹೊಡೆದರೆ ರಿವೆಟ್ಟೇ ಪುಡಿಯಾಗಿ ಉದುರುತ್ತದೆ. ಕೋಡಿಬಾಗದವರೇ, ಇದನ್ನು ಬರೆದಿಟ್ಟುಕೊಳ್ಳಿ. ಫ್ಯಾಬ್ರಿಕೇಷನ್‌ನವರು ಅವಸರದಲ್ಲಿ ಕೈಗೆ ಸಿಕ್ಕ ರಿವೆಟ್ ಹೊಡೆದು ಬಿಡುತ್ತಾರೆ. ಎಸ್.ಎಸ್. ಶೀಟಿಗೆ ಎಸ್.ಎಸ್. ರಿವೆಟ್ಟೇ ಬೇಕು. ಡಬ್ಬಿ ಚಾಸಿ ಮೇಲೆ ಕೂರುವ ಕಡೆ ನಡುವೆ ರಬ್ಬರ್ ಪಟ್ಟಿ, ಬೋಲ್ಟಿಗೆ ನೈಲಾನ್ ವಾಷರ್.

ನಾನಾದರೆ ಡಬ್ಬಿಗೆ ಫೈಬರ್ ಹಾಕುತ್ತೇನೆ. ಬೋಟೆಲ್ಲ ಈಗ ಫೈಬರ್ ಆಗಿಲ್ವಾ? ಉಪ್ಪು ಮುಟ್ಟುವುದಿಲ್ಲ. ಒಡೆದರೆ ಗಾಜಿನ ನಾರಿನ ಮ್ಯಾಟ್ ಹಾಸಿ ರೆಸಿನ್ ಹಚ್ಚುವವರು ಕಾರವಾರದಿಂದ ಭಟ್ಕಳ ತನಕ ಪ್ರತಿ ಬಂದರಿನಲ್ಲೂ ಇದ್ದಾರೆ. ಆರ್ಗಾನ್ ವೆಲ್ಡರ್ ಹುಡುಕಿ ಅಲೆಯಬೇಕಿಲ್ಲ.

ಅಂಕೋಲಾ ವೆಲ್ಡರ್
ಬೋಟಣ್ಣ ನನ್ನ ಹೊಟ್ಟೆ ಮೇಲೆ ಹೊಡೀತಾ ಇದ್ದಾರೆ.

ಲೆಕ್ಕದ ಮೇಷ್ಟ್ರು
ಫೈಬರ್ ಒಳ್ಳೇದೇ. ಆದರೆ ಬಿಸಿಲಿಗೆ ಹೊರಮೈ ಹೊಳಪು ಹೋಗಿ ಸುಣ್ಣದ ಪುಡಿ ಬರುತ್ತದೆ. ಬೋಟಿಗೆ ಅಲೆ ಹೊಡೆಯುತ್ತದೆ, ಟ್ರೇಲರ್‌ಗೆ ಗುಂಡಿ. ಬಾಗಿಲ ಮೂಲೆಗಳಲ್ಲಿ ಬಿರುಕು ಬಿಡದಂತೆ ದಪ್ಪ ಕೊಡಬೇಕು. ದಪ್ಪ ಕೊಟ್ಟರೆ ಮತ್ತೆ ತೂಕ.

ಹೊನ್ನಾವರ ಹುಡುಗ
ಎನ್‌ಎಚ್ 66ರ ಸರ್ವಿಸ್ ರಸ್ತೆ ಗುಂಡಿ ಬಗ್ಗೆ ಬೇರೆ ಚರ್ಚೆ ಶುರು ಮಾಡೋಣ್ವಾ? ಅದಕ್ಕೆ ಯಾವ ಲೋಹವೂ ತಡೆಯುವುದಿಲ್ಲ.

ಮುರುಡೇಶ್ವರ ಮೂಲ
ಬೇಡ ಮಾರಾಯ, ಅದು ಮುಗಿಯುವುದಿಲ್ಲ.

ಸಾಣಿಕಟ್ಟಾ ಉಪ್ಪು
ಇಷ್ಟೊತ್ತು ಓದುತ್ತಿದ್ದೆ, ಉಪ್ಪಿನ ವಿಷಯ ಬಂತು ಅಂತ ಬರೆಯುತ್ತಿದ್ದೇನೆ. ಕರಾವಳಿಯಲ್ಲಿ 3000 ಮಿ.ಮೀ. ಮಳೆ ಬೀಳುತ್ತದೆ, ಹಾಗಾಗಿ ಮಳೆಗಾಲವೇ ಕಷ್ಟದ ಕಾಲ ಅಂತ ಎಲ್ಲರೂ ತಿಳಿದಿದ್ದಾರೆ. ಸ್ಟೇನ್‌ಲೆಸ್ ವಿಷಯದಲ್ಲಿ ಹಾಗಲ್ಲ. ಜೋರು ಮಳೆ ಉಪ್ಪನ್ನು ತೊಳೆಯುತ್ತದೆ. ದೀಪಾವಳಿ ಕಳೆದ ಮೇಲೆ ಮೇ ತನಕ ಮಳೆ ಇಲ್ಲ, ಸಂಜೆ ಗಾಳಿ ದಿನಾ ಉಪ್ಪು ತಂದು ಹಾಕುತ್ತದೆ. ಕಡಲುಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಸಿ ಉಪ್ಪಿನ ಚೀಲ ನೀರು ಬಿಡುವುದು ಅದಕ್ಕೇ. ತಗಡಿನ ಮೇಲೆ ಕಣ್ಣಿಗೆ ಒಣಗಿದಂತೆ ಕಂಡರೂ ಅಡಿಯಲ್ಲಿ ಒಂದು ತೆಳು ಉಪ್ಪುನೀರಿನ ಪದರ ಇದ್ದೇ ಇರುತ್ತದೆ.

ಬೇಸಿಗೆಯಲ್ಲಿ ವಾರಕ್ಕೊಮ್ಮೆ ಸಿಹಿ ನೀರು ಹೊಡೆಯಿರಿ, ಮುಖ್ಯವಾಗಿ ಮಳೆ ತಾಗದ ಕಡೆ. ಬಾವಿ ನೀರೇ ಉಪ್ಪಾಗಿದ್ದರೆ ಅದರಲ್ಲಿ ತೊಳೆದು ಪ್ರಯೋಜನ ಇಲ್ಲ. ಬಾತ್‌ರೂಮ್ ಆ್ಯಸಿಡ್, ಬ್ಲೀಚಿಂಗ್ ಹತ್ತಿರ ತರಬೇಡಿ, ಅದರಲ್ಲೂ ಕ್ಲೋರಿನ್ನೇ ಇರುವುದು.

ಬೈತಖೋಲ ಬೋಟು
ಇದು ಸರಿಯಾದ ಮಾತು. ಮೀನು ಮಾರುವ ಸ್ಟೀಲ್ ಮೇಜು ದಿನಾ ಉಪ್ಪು, ಐಸು, ರಕ್ತ ಎಲ್ಲ ಕಂಡರೂ ಹೊಳೆಯುವುದು ಯಾಕೆ? ದಿನಾ ಸಂಜೆ ಉಜ್ಜಿ ತೊಳೆಯುತ್ತಾರೆ. ಪಕ್ಕದ ಮನೆ ರೇಲಿಂಗ್ ಯಾರು ತೊಳೆಯುತ್ತಾರೆ?

ಕೋಡಿಬಾಗದವ
ಮ್ಯಾಟ್ ಫಿನಿಶ್ ಕೇಳಿದ್ದೇನೆ, ಗೀರು ಕಾಣುವುದಿಲ್ಲ ಅಂತ. ಕನ್ನಡಿ ಹೊಳಪು ಇದ್ದರೆ ಹಿಂದಿನ ಗಾಡಿಯವರ ಕಣ್ಣಿಗೂ ಹೊಡೆಯುತ್ತದೆ.

ಅಂಕೋಲಾ ವೆಲ್ಡರ್
ಮ್ಯಾಟ್ ಅಂದ್ರೆ ಸಣ್ಣ ಸಣ್ಣ ಗೆರೆ. ಗೆರೆ ಒರಟಾದಷ್ಟೂ ಉಪ್ಪು ಹಿಡಿದು ಕೂರುತ್ತದೆ, ಕಲೆ ಬೇಗ ಬರುತ್ತದೆ. ಬೇಕೇ ಬೇಕು ಅಂದರೆ ಗೆರೆ ಮೇಲಿಂದ ಕೆಳಕ್ಕೆ ಬರುವಂತೆ ಶೀಟು ಕೂರಿಸಿ, ನೀರು ಇಳಿದು ಹೋಗುತ್ತದೆ. ಅಡ್ಡ ಗೆರೆ ಬೇಡ.

ವೆಲ್ಡಿಂಗ್ ಪಕ್ಕ ನೀಲಿ, ಕಂದು ಬಣ್ಣ ಬರುತ್ತದಲ್ಲ, ಅದನ್ನು ಹಾಗೇ ಬಿಟ್ಟರೆ ಮೊದಲ ತುಕ್ಕು ಅಲ್ಲೇ. ಪಿಕ್ಲಿಂಗ್ ಪೇಸ್ಟ್ ಹಚ್ಚಿ ತೆಗೆಸಿ, ಅದು ಭಯಂಕರ ಆ್ಯಸಿಡ್, ನೀವೇ ಕೈ ಹಾಕಬೇಡಿ. ಇನ್ನೊಂದು, ಎಂ.ಎಸ್. ಕತ್ತರಿಸಿದ ಗ್ರೈಂಡರ್ ವೀಲನ್ನೇ ಎಸ್.ಎಸ್.ಗೂ ಹಿಡಿಯುವ ಹುಡುಗರಿದ್ದಾರೆ. ಕಬ್ಬಿಣದ ಪುಡಿ ಎಸ್.ಎಸ್. ಮೈಗೆ ಅಂಟಿ, ಎರಡು ಮಳೆಗೆ ಚುಕ್ಕಿ ಚುಕ್ಕಿ ತುಕ್ಕು. ಆಮೇಲೆ ಶೀಟು ಸರಿ ಇಲ್ಲ ಅಂತ ಶೀಟಿಗೆ ಬೈಯುತ್ತಾರೆ.

ಎಸ್.ಎಸ್. ಬೋಲ್ಟಿಗೆ ಎಸ್.ಎಸ್. ನಟ್ಟು ಹಾಕಿ ಮೆಷಿನ್‌ನಲ್ಲಿ ರಭಸದಿಂದ ಬಿಗಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಮತ್ತೆ ಕತ್ತರಿಸಿಯೇ ತೆಗೆಯಬೇಕು. ಆ್ಯಂಟಿ-ಸೀಜ್ ಗ್ರೀಸ್ ಹಚ್ಚಿ ಕೈಯಲ್ಲಿ ನಿಧಾನ ಬಿಗಿಯಲು ಹೇಳಿ.

ಅಡಕೆ ತೋಟ ಸಿದ್ದಾಪುರ
ಮಧ್ಯೆ ಬಾಯಿ ಹಾಕುತ್ತೇನೆ. ಇಂಥ ಟ್ರೇಲರ್ ಮಳೆಗಾಲದಲ್ಲಿ ಸುಮ್ನೆ ನಿಂತಿರುತ್ತದಲ್ಲ, ತೋಟಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ ಔಷಧ) ಸಾಗಿಸಲು ಬಳಸಬಹುದಾ? ಮೈಲುತುತ್ತ ಬಿದ್ದರೆ ಎಸ್.ಎಸ್. ಏನಾಗುತ್ತದೆ?

ಅಂಕೋಲಾ ವೆಲ್ಡರ್
ಮೈಲುತುತ್ತಕ್ಕೆ ಎಸ್.ಎಸ್. ತಡೆಯುತ್ತದೆ. ಎಂ.ಎಸ್., ಗ್ಯಾಲ್ವನೈಸ್ಡ್, ಅಲ್ಯೂಮಿನಿಯಂ ಮೂರನ್ನೂ ತಿನ್ನುತ್ತದೆ. ಚಾಸಿ ಮೇಲೆ ಚೆಲ್ಲಬೇಡಿ. ಡ್ರಮ್ ಪ್ಲಾಸ್ಟಿಕ್ಕಿನದೇ ಇರಲಿ.

ಶಿರಸಿ ಭಟ್ಟ
ಮಲಗುವ ಡಬ್ಬಿಯಲ್ಲಿ ಮೈಲುತುತ್ತ ಸಾಗಿಸುವುದಾ! ಆಮೇಲೆ ಅದರಲ್ಲೇ ಮಕ್ಕಳಿಗೆ ದೋಸೆ ಹೊಯ್ಯುತ್ತೀರಾ?

ಅಡಕೆ ತೋಟ ಸಿದ್ದಾಪುರ
ಸುಮ್ನೆ ಕೇಳಿದೆ ಭಟ್ರೇ. ಅಂದ ಹಾಗೆ ನಮ್ಮ ಕಡೆ ಕಾಡಿಗೆ ಬರುವವರು ಉಣುಗಿನ ಬಗ್ಗೆ ಎಚ್ಚರ. ಮಂಗನ ಕಾಯಿಲೆ ಚಳಿಗಾಲದಿಂದ ಬೇಸಿಗೆ ತನಕ ಇರುತ್ತದೆ. ಮಂಗ ಸತ್ತ ಕಡೆ ಹೋಗಬೇಡಿ, ಒಣ ಎಲೆ ಮೇಲೆ ಕೂರಬೇಡಿ, ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ನೆಲದ ಮೇಲಿನ ಟೆಂಟ್‌ಗಿಂತ ಎತ್ತರದ ಟ್ರೇಲರ್ ಒಳ್ಳೇದು, ಆ ಮಟ್ಟಿಗೆ ನಿಮ್ಮ ಯೋಚನೆಗೆ ನನ್ನ ವೋಟು.

ಕದ್ರಾ ಕರೆಂಟು
ಕಾಗದ ಪತ್ರದ ವಿಷಯ ಯಾರಾದರೂ ಹೇಳಿದಿರಾ? 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಬೇರೆಯೇ ವಾಹನ. ಬೊಲೆರೊಗೆ ಕೆಎ 30 ಇದ್ದರೆ ಅದರ ನಂಬರ್ ಪ್ಲೇಟ್ ಟ್ರೇಲರ್‌ಗೂ ಅಂಟಿಸಿದರೆ ಅಷ್ಟೇ ಸಾಲದು, ಟ್ರೇಲರ್‌ಗೆ ಅದರದೇ ಬೇರೆ ನೋಂದಣಿ ಬೇಕು. ಮಾಡಿಕೊಡುವವರ ಹತ್ತಿರ ಟ್ರೇಲರ್ ನಮೂನೆಗೆ ಮಂಜೂರಾತಿ ಇದೆಯಾ ಅಂತ ಮೊದಲು ಕೇಳಿ. ಅದಿಲ್ಲದೆ ಆರ್‌ಟಿಓ ಹತ್ತಿರ ಹೋದರೆ 316 ಹಾಕಿಸಿದ್ದೇನೆ ಅಂದರೂ ಕೇಳುವುದಿಲ್ಲ. ಮುಂಗಡ ಕೊಡುವ ಮೊದಲೇ ಆರ್‌ಟಿಓದಲ್ಲಿ ವಿಚಾರಿಸಿ.

ಕುಮಟಾ ಸವಾರ
ಇದು ಮೊದಲೇ ಬರಬೇಕಿದ್ದ ಮಾತು. ನಾವು ಗ್ರೇಡ್ ಗ್ರೇಡ್ ಅಂತ ಜಗಳ ಆಡಿದ್ದೇ ಬಂತು.

ಕೋಡಿಬಾಗದವ
ಎಲ್ಲರಿಗೂ ಬಹಳ ಉಪಕಾರ. ಮಂಜೂರಾತಿ ವಿಷಯ ಇಬ್ಬರನ್ನೂ ಕೇಳಿದೆ. ಪೂರ್ತಿ ಎಸ್.ಎಸ್. ಅಂದವರು "ನೋಡೋಣ, ಆಗುತ್ತದೆ" ಅಂದರು. ಇನ್ನೊಬ್ಬರು ಮಂಜೂರಾತಿ ಇರುವ ಟ್ರೇಲರ್ ಚಾಸಿ ತರಿಸಿ ಅದರ ಮೇಲೆ ಡಬ್ಬಿ ಕಟ್ಟಬಹುದು, ಮೇಲೆ ಏನು ಕಟ್ಟುತ್ತೇವೆ ಅನ್ನುವುದನ್ನೂ ಮೊದಲೇ ಆರ್‌ಟಿಓಗೆ ತೋರಿಸಬೇಕು ಅಂದರು. ಅವರ ಕಡೆಗೇ ಹೋಗುತ್ತೇನೆ. ಚಾಸಿ ಗ್ಯಾಲ್ವನೈಸ್ಡ್. ಅಡುಗೆ ಕಟ್ಟೆ, ಸಿಂಕು, ಬಾಗಿಲ ಹೊಸ್ತಿಲು 304, ಬಿಲ್ಲಿನಲ್ಲಿ ಬರೆಸಿ. ಡಬ್ಬಿಯ ಮೈ ಅಲ್ಯೂಮಿನಿಯಮ್ಮೋ ಫೈಬರೋ ಇನ್ನೂ ನಿಶ್ಚಯ ಆಗಿಲ್ಲ.

ಒಂದು ಉಳಿದಿದೆ. ಗ್ಯಾಸ್ ಸಿಲಿಂಡರ್ ಅಡುಗೆ ಕಟ್ಟೆ ಪಕ್ಕ ಒಳಗೇ ಇಡಬಹುದಾ, ಚಿಕ್ಕ ಐದು ಕೆ.ಜಿ.ದು?

ಬೈತಖೋಲ ಬೋಟು
ಫೈಬರ್! ಫೈಬರ್! ಬಂದರಿಗೆ ಬನ್ನಿ, ಮಾಡುವವರನ್ನು ತೋರಿಸುತ್ತೇನೆ.

ಲೆಕ್ಕದ ಮೇಷ್ಟ್ರು
ಸಿಲಿಂಡರ್ ಮಲಗುವ ಡಬ್ಬಿ ಒಳಗೆ ಬೇಡವೇ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ಕೂರುತ್ತದೆ. ನೀವು ಮಲಗುವುದೂ ನೆಲಕ್ಕೇ. ಮುಂದೆ ಕೊಂಡಿಯ ಹತ್ತಿರ ಹೊರಗೆ ಒಂದು ಬೇರೆ ಪೆಟ್ಟಿಗೆ ಮಾಡಿಸಿ, ಅದರ ತಳದಲ್ಲಿ ತೂತು ಇರಲಿ. ಮುಂದೆ ಇಟ್ಟರೆ ಕೊಂಡಿಯ ಮೇಲಿನ ತೂಕಕ್ಕೂ ಅನುಕೂಲ. ಒಲೆ ಉರಿಸುವುದು ಹಿಂದಿನ ಬಾಗಿಲು ಪೂರ್ತಿ ತೆರೆದು, ಕಟ್ಟೆ ಹೊರಗೆ ಎಳೆದ ಮೇಲೆ ಮಾತ್ರ. ಮಳೆ ಬಂತು ಅಂತ ಬಾಗಿಲು ಎಳೆದುಕೊಂಡು ಒಳಗೆ ಚಹಾ ಕಾಸಬೇಡಿ.

ಶಿರಸಿ ಭಟ್ಟ
ಶಿರಸಿಗೆ ಬಂದಾಗ ಒಲೆ ಹಚ್ಚುವ ಕೆಲಸವೇ ಇಲ್ಲ ಬಿಡಿ, ಮಾವನ ಮನೆ ಇದೆಯಲ್ಲ.